ಯಾರ ಕನಸು, ಯಾರ ಹೆಗಲು?



ಪರೀಕ್ಷೆಯ ಫಲಿತಾಂಶ ಬಂದು ಶಾಲೆ-ಕಾಲೇಜು ಪುನಃ ತೆರೆಯುವ ಹೊತ್ತಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅನೇಕ ಮನೆಗಳಲ್ಲಿ ಒಂದು ಚರ್ಚೆ ನಡೆಯುತ್ತದೆ. ಮಗ ಓಟದಲ್ಲಿ ತಾಲೂಕಿಗೆ ಮೊದಲಿಗನಾಗಿದ್ದಾನೆ, ಅಥವಾ ಮಗಳು ವಾಲಿಬಾಲ್‌ನಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಉಜಿರೆಯಲ್ಲೋ ಮೂಡುಬಿದಿರೆಯಲ್ಲೋ ಕ್ರೀಡಾ ವಿಭಾಗದಲ್ಲಿ ಸೀಟು ಸಿಗಬಹುದು ಎಂದು ಯಾರೋ ಹೇಳಿದ್ದಾರೆ. ಕಳುಹಿಸುವುದೋ, ಬೇಡವೋ? ತಂದೆಗೆ ಖರ್ಚಿನ ಲೆಕ್ಕ. ತಾಯಿಗೆ ಕೈಕಾಲು ಮುರಿದುಕೊಂಡರೆ ಎಂಬ ಹೆದರಿಕೆ. ಚಿಕ್ಕಪ್ಪನಿಗೆ ಆಗಲೇ ರೈಲ್ವೆಯ ಕೆಲಸ, ಸರಕಾರದ ಬಹುಮಾನ, ಪೇಪರಿನಲ್ಲಿ ಫೋಟೋ ಎಲ್ಲವೂ ಕಾಣುತ್ತಿವೆ. ಕೂಸು ಹುಟ್ಟುವ ಮುಂಚೆ ಕುಲಾವಿ!

ಇಷ್ಟೆಲ್ಲ ಮಾತಿನ ನಡುವೆ ಓಡಬೇಕಾದವನು ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾನೆ. ಅವನ ಮಾತನ್ನು ಕೇಳಿದವರು ಯಾರು?

ಮಕ್ಕಳಿಗಾಗಿ ನಾವು ಎಷ್ಟೊಂದು ಕಷ್ಟಪಡುತ್ತೇವೆ ಎಂದು ಆಗಾಗ ಹೇಳಿಕೊಳ್ಳುತ್ತೇವೆ. ಅದು ಸುಳ್ಳಲ್ಲ. ಆದರೆ ನಾವು ಮಕ್ಕಳ ಹೆಗಲ ಮೇಲೆ ಇಡುವ ಕನಸು ಅವರದೋ, ನಮ್ಮದೋ? ಈ ಪ್ರಶ್ನೆಯನ್ನು ಕ್ರೀಡಾರಂಗದ ಕೆಲವು ಜೀವನಗಳ ಮೂಲಕ ನಿಮ್ಮೊಂದಿಗೆ ವಿಚಾರ ಮಾಡಬೇಕೆಂದಿದ್ದೇನೆ. ಕ್ರೀಡೆಯೇ ಏಕೆ ಎನ್ನುವಿರಾ? ಆಡಿದವನು ಒಂದು ದಿನ ಆಡಿಸುವವನಾಗುವುದು ಅಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಹೆತ್ತವರಾಗುವುದೆಂದರೂ ಅದೇ ಅಲ್ಲವೇ? ನಿನ್ನೆಯವರೆಗೆ ಆಡುತ್ತಿದ್ದ ನಾವು ಇಂದು ಗೆರೆಯ ಹೊರಗೆ ನಿಂತು ಇನ್ನೊಬ್ಬರ ಆಟ ನೋಡುವವರಾಗಿದ್ದೇವೆ.

ಮೂರು ಮೆಟ್ಟಿಲು

ಕ್ರೀಡಾಪಟುವಿನ ಬಾಳಿನಲ್ಲಿ ಸಾಮಾನ್ಯವಾಗಿ ಮೂರು ಮೆಟ್ಟಿಲುಗಳು. ಮೊದಲನೆಯದು ಕಾಲೇಜಿನ ಕಾಲ. ಆಗ ಗೆಲುವೆಂದರೆ ಸಂತೋಷ. ಗೆಳೆಯರ ಶಿಳ್ಳೆ, ಊರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬ್ಯಾನರ್. ಎರಡನೆಯದು ಆಟವೇ ವೃತ್ತಿಯಾಗುವ ಕಾಲ. ಆಗ ಗೆಲುವೆಂದರೆ ಅನ್ನ. ಸೋತರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಆತಂಕ. ಮೂರನೆಯದು ತರಬೇತುದಾರನ ಕಾಲ. ಆಗ ಗೆಲುವು ಇನ್ನೊಬ್ಬರದು. ಬೆವರಿನಲ್ಲಿ ಪಾಲುಂಟು, ಪದಕದಲ್ಲಿ ಇಲ್ಲ. ಮೊದಲ ಎರಡು ಮೆಟ್ಟಿಲುಗಳಿಗೆ ದೇಹಬಲ ಬೇಕು, ಮೂರನೆಯದಕ್ಕೆ ಮನಸ್ಸಿನ ಬಲ. ಎಷ್ಟೋ ದೊಡ್ಡ ಆಟಗಾರರು ಎಡವಿದ್ದು ಈ ಮೂರನೆಯ ಮೆಟ್ಟಿಲಿನಲ್ಲಿಯೇ.

ಈ ಮೂರನ್ನೂ ಏರಿದ ಒಬ್ಬರನ್ನು ನೋಡೋಣ. ಬಾಸ್ಕೆಟ್‌ಬಾಲ್ ಆಟವೇ ಒಬ್ಬ ಡ್ರಿಲ್ ಮಾಸ್ಟರರ ಸೃಷ್ಟಿ. 1891ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಕರು, ಹೊರಗೆ ಆಡಲಾಗದೆ ಚಡಪಡಿಸುತ್ತಿದ್ದ ವಿದ್ಯಾರ್ಥಿಗಳಿಗಾಗಿ ಹಣ್ಣಿನ ಬುಟ್ಟಿಗಳನ್ನು ಮೇಲೆ ಕಟ್ಟಿ ಈ ಆಟ ಆರಂಭಿಸಿದರು. ಅದೇ ಆಟದಲ್ಲಿ ಜಾನ್ ವುಡನ್ ಎಂಬವರು ಪರ್ಡ್ಯೂ ವಿಶ್ವವಿದ್ಯಾನಿಲಯದ ತಾರೆಯಾಗಿ ಮೆರೆದು 1932ರಲ್ಲಿ ಪದವಿ ಪಡೆದರು. ಬಳಿಕ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ ವೃತ್ತಿಪರ ತಂಡದಲ್ಲಿ ಆಡಿದರು. ಅಲ್ಲಿ ಸತತ 134 ಫ್ರೀ ಥ್ರೋಗಳನ್ನು ತಪ್ಪದೆ ಬುಟ್ಟಿಗೆ ಹಾಕಿದ ಹೆಸರು ಅವರಿಗಿದೆ. ಆಮೇಲೆ ತರಬೇತುದಾರರಾದರು. 1948ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಬಂದ ಅವರಿಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1964ರಲ್ಲಿ. ಅಲ್ಲಿಂದ 1975ರವರೆಗೆ 12 ವರ್ಷಗಳಲ್ಲಿ 10 ಪ್ರಶಸ್ತಿ! ಆಟಗಾರನಾಗಿಯೂ ತರಬೇತುದಾರನಾಗಿಯೂ ಆ ಕ್ರೀಡೆಯ ಕೀರ್ತಿಭವನಕ್ಕೆ ಆಯ್ಕೆಯಾದ ಮೊದಲಿಗರು ಅವರು.

ಆದರೆ ಆ ಹತ್ತು ಪ್ರಶಸ್ತಿಗಳಿಗಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ಮೂರು ಸಂಗತಿಗಳು. ಒಂದು, ದೇಶದ ಅತ್ಯುತ್ತಮ ಯುವಕರು ತನ್ನಲ್ಲಿಗೆ ಬಂದಾಗ ಅವರು ಕಲಿಸುತ್ತಿದ್ದ ಮೊದಲ ಪಾಠ, ಕಾಲುಚೀಲವನ್ನು ಸುಕ್ಕಿಲ್ಲದಂತೆ ಹಾಕಿ ಬೂಟಿನ ಲೇಸನ್ನು ಸರಿಯಾಗಿ ಕಟ್ಟುವುದು. ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಆಟ ಹಾಳು. ತನ್ನ ದಾಖಲೆಗಳನ್ನು ಹೇಳಿ ಅವರನ್ನು ಬೆರಗುಗೊಳಿಸಬಹುದಿತ್ತು. ಅವರ ಕಣ್ಣಿದ್ದದ್ದು ಹುಡುಗರ ಕಾಲಿನ ಮೇಲೆ.

ಎರಡು, 1947ರಲ್ಲಿ ಅವರು ಇಂಡಿಯಾನಾದ ಇನ್ನೊಂದು ಕಾಲೇಜಿನ ತಂಡವನ್ನು ನೋಡಿಕೊಳ್ಳುತ್ತಿದ್ದಾಗ ರಾಷ್ಟ್ರಮಟ್ಟದ ಪಂದ್ಯಾಟವೊಂದಕ್ಕೆ ಆಹ್ವಾನ ಬಂತು. ಕಪ್ಪು ಜನಾಂಗದ ಆಟಗಾರರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ಹುಡುಗನಿದ್ದ, ಮುಖ್ಯ ಆಟಗಾರನೇನಲ್ಲ. ಅವನನ್ನು ಬಿಟ್ಟು ಹೋಗಬಹುದಿತ್ತು. ವುಡನ್ ಆಹ್ವಾನವನ್ನೇ ತಿರಸ್ಕರಿಸಿದರು. ಮರುವರ್ಷ ನಿಯಮ ಬದಲಾಯಿತು; ವಾಕರ್ ಆಡಿದ.

ಮೂರನೆಯದು ನಮ್ಮಂಥ ಹೆತ್ತವರಿಗೆ ನೇರವಾಗಿ ನಾಟುವಂಥದ್ದು. ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ, ಮಗುವಿಗೆ ಮೇಲ್ದರ್ಜೆಯ ಅಂಕ ಬಾರದಿದ್ದರೆ ಮಗುವೇ ಸೋತಿತು, ಶಿಕ್ಷಕನೇ ಸೋತ ಎಂದು ತಂದೆ-ತಾಯಂದಿರು ಭಾವಿಸುವುದನ್ನು ಕಂಡು ಅವರಿಗೆ ಬೇಸರವಾಯಿತು. ಎಲ್ಲರಿಗೂ ಒಂದೇ ಶಕ್ತಿ ಇರುವುದಿಲ್ಲವಲ್ಲ! ಆಗ, 1934ರಲ್ಲಿ, ಅವರು ಯಶಸ್ಸಿಗೆ ತಮ್ಮದೇ ಅರ್ಥ ಬರೆದುಕೊಂಡರು. ತನ್ನಿಂದ ಸಾಧ್ಯವಿದ್ದಷ್ಟನ್ನು ಪೂರ್ತಿಯಾಗಿ ಮಾಡಿದ್ದೇನೆ ಎಂದು ತನಗೇ ಗೊತ್ತಿರುವುದರಿಂದ ಬರುವ ನೆಮ್ಮದಿಯೇ ಯಶಸ್ಸು ಎಂಬುದು ಅದರ ಸಾರಾಂಶ. ಮೊದಲ ರಾಷ್ಟ್ರೀಯ ಪ್ರಶಸ್ತಿ ಬರುವುದಕ್ಕೆ 30 ವರ್ಷ ಮೊದಲೇ ಅವರು ಈ ಅಳತೆಗೋಲನ್ನು ಹಿಡಿದಿದ್ದರು.

ಉಜಿರೆಯ ಒಂದು ತಿರುವು

ದೂರದ ಮಾತು ಸಾಕು, ನಮ್ಮ ಬೆಳ್ತಂಗಡಿ ತಾಲೂಕಿಗೆ ಬರೋಣ. ಕುಂದಾಪುರದ ವಂಡ್ಸೆ ಕಡೆಯ ಹುಡುಗ ಗುರುರಾಜ ಪೂಜಾರಿ. ತಂದೆ ವಾಹನ ಚಾಲಕ, ಮನೆ ತುಂಬ ಮಕ್ಕಳು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕಂಚಿನ ಪದಕ ಗೆದ್ದುದನ್ನು ನೋಡಿ ತಾನೂ ಕುಸ್ತಿಪಟುವಾಗಬೇಕೆಂಬ ಆಸೆ ಹೊತ್ತವನು. ಪದವಿಗೆಂದು ಉಜಿರೆಯ ಎಸ್.ಡಿ.ಎಂ. ಕಾಲೇಜಿಗೆ ಬಂದಾಗ ಅಲ್ಲಿನ ತರಬೇತುದಾರ ರಾಜೇಂದ್ರ ಪ್ರಸಾದ್ ಈ ಪುಟ್ಟ ದೇಹದ ಹುಡುಗನನ್ನು ಭಾರ ಎತ್ತುವ ಕಡೆಗೆ ತಿರುಗಿಸಿದರು. ಮುಂದೆ ಅವರಿಗೆ ವಾಯುಪಡೆಯಲ್ಲಿ ಕೆಲಸ ಸಿಕ್ಕಿತು.

2018ರ ಏಪ್ರಿಲ್ 5ರಂದು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದದ್ದು ಈ ಗುರುರಾಜರೇ. 56 ಕಿಲೋ ವಿಭಾಗ. ಸ್ನ್ಯಾಚ್‌ನಲ್ಲಿ 111 ಕಿಲೋ ಆಗಿತ್ತು. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಮೊದಲ ಎರಡು ಪ್ರಯತ್ನಗಳೂ ವಿಫಲ. ಉಳಿದದ್ದು ಒಂದೇ ಒಂದು. ಮೂರನೆಯ ಸಲ 138 ಕಿಲೋ ಎತ್ತಿದರು. ಒಟ್ಟು 249, ಮೂರನೆಯವರಾದ ಶ್ರೀಲಂಕಾದ ಸ್ಪರ್ಧಿಗೆ 248. ಒಂದು ಕಿಲೋದ ಅಂತರದಲ್ಲಿ ಬೆಳ್ಳಿ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗಕ್ಕೆ ಏರಿ 269 ಕಿಲೋ ಎತ್ತಿ ಕಂಚು ಗೆದ್ದರು.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. ಹುಡುಗನ ಆಸೆ ಕುಸ್ತಿ, ಗುರು ತಿರುಗಿಸಿದ್ದು ಭಾರ ಎತ್ತುವುದಕ್ಕೆ. ಇದೂ ತನ್ನ ಕನಸನ್ನು ಇನ್ನೊಬ್ಬನ ಹೆಗಲ ಮೇಲೆ ಇಟ್ಟಂತೆ ಆಗಲಿಲ್ಲವೇ? ಒಳ್ಳೆಯ ಪ್ರಶ್ನೆ. ಎಲ್ಲ ತಿದ್ದುವಿಕೆಯೂ ಹೇರಿಕೆಯಾಗುವುದಾದರೆ ಮಕ್ಕಳಿಗೆ ಯಾರೂ ಏನನ್ನೂ ಹೇಳುವಂತಿಲ್ಲ. ವ್ಯತ್ಯಾಸ ಇರುವುದು ನೋಟ ಎಲ್ಲಿಂದ ಹೊರಡುತ್ತದೆ ಎನ್ನುವುದರಲ್ಲಿ. ನನಗೆ ಸಿಗದೇ ಹೋದದ್ದು ಯಾವುದು ಎಂದು ನೋಡಿ ದಾರಿ ತೋರಿಸುವುದು ಒಂದು ಬಗೆ. ಈ ಮಗುವಿನಲ್ಲಿ ಇರುವುದು ಯಾವುದು ಎಂದು ನೋಡಿ ದಾರಿ ತೋರಿಸುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಮಗು ತಾನೇ ಅದನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಎರಡು ಬಾರಿ ಸೋತು ಮೂರನೆಯ ಬಾರಿ ಕಬ್ಬಿಣದ ಮುಂದೆ ನಿಂತವನ ಪಕ್ಕದಲ್ಲಿ ಯಾವ ಗುರುವೂ ನಿಲ್ಲುವಂತಿಲ್ಲ. ಆ ಹೊತ್ತಿನಲ್ಲಿ ಎರವಲು ತಂದ ಆಸೆ ಕೈಕೊಡುತ್ತದೆ. ಎತ್ತುವವನದೇ ಆಸೆಯಾಗಿದ್ದರೆ ಮಾತ್ರ ಮತ್ತೊಮ್ಮೆ ಬಾಗಲು ಮನಸ್ಸು ಬರುತ್ತದೆ.

ಅಶ್ವತ್ಥಪುರದ ಓಟಗಾರ

ಈಗ ಮೂಡುಬಿದಿರೆಯ ಕಡೆ ಹೋಗೋಣ. 2020ರ ಜನವರಿಯಲ್ಲಿ ಅಲ್ಲಿನ ಸ್ವರಾಜ್ಯ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕ್ರೀಡಾಕೂಟ ನಡೆದಾಗ ದೇಶದ ಮೂಲೆಮೂಲೆಯ ಕಾಲೇಜು ಓಟಗಾರರು ಅಲ್ಲಿ ಓಡಿದರು. ಅದರ ಬೆನ್ನಿಗೇ, ಫೆಬ್ರವರಿ 1ರಂದು, ಐಕಳ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿದರು: 9.55 ಸೆಕೆಂಡು! ಉಸೇನ್ ಬೋಲ್ಟ್‌ರ ದಾಖಲೆ 9.58. ಆಯಿತಲ್ಲ, ದೇಶವೇ ಅವರ ಬೆನ್ನು ಹತ್ತಿತು. ಕೇಂದ್ರ ಕ್ರೀಡಾ ಸಚಿವರು ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷಾ ಓಟಕ್ಕೆ ಕರೆದರು. ಕೆಸರಿನಲ್ಲಿ, ಕೋಣಗಳ ಎಳೆತದ ಜೊತೆಗೆ ಓಡುವುದಕ್ಕೂ ಟ್ರ್ಯಾಕಿನ ಮೇಲೆ ಒಬ್ಬನೇ ಓಡುವುದಕ್ಕೂ ಇರುವ ವ್ಯತ್ಯಾಸವನ್ನು ಕೇಳಿಸಿಕೊಳ್ಳುವ ತಾಳ್ಮೆ ಬಹಳ ಮಂದಿಗೆ ಇರಲಿಲ್ಲ.

ಅವರೇನು ಮಾಡಿದರು? ಕಂಬಳವೇ ಬೇರೆ, ಟ್ರ್ಯಾಕೇ ಬೇರೆ ಎಂದರು; ಪರೀಕ್ಷಾ ಓಟಕ್ಕೆ ಹೋಗಲಿಲ್ಲ; ಕಂಬಳದಲ್ಲಿಯೇ ಮುಂದುವರಿದರು.

ಅವಕಾಶ ಕಳೆದುಕೊಂಡ ಎಂದು ಕೆಲವರು ನೊಂದುಕೊಂಡಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಒಲಿಂಪಿಕ್ಸ್ ಓಟದಲ್ಲಿ ಸ್ವತಂತ್ರ ಭಾರತಕ್ಕೆ ಪದಕವಿಲ್ಲ ಎಂಬ ನಮ್ಮೆಲ್ಲರ ಹಳೆಯ ಕೊರತೆಯನ್ನು ಒಂದೇ ರಾತ್ರಿಯಲ್ಲಿ ಒಬ್ಬ ಕೂಲಿಕಾರನ ಕಾಲಿಗೆ ಕಟ್ಟಿದೆವು. ಅವರು ವಿನಯದಿಂದ ಅದನ್ನು ಬಿಚ್ಚಿಟ್ಟರು. ಅವರು ಪ್ರಾಯದವರು, ಬೇಡವೆನ್ನಲು ಬಲ್ಲವರು. ಹನ್ನೆರಡು ವರ್ಷದ ಮಗುವಿಗೆ ತಂದೆಯ ಎದುರು ನಿಂತು ಹಾಗೆ ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಗೆರೆಯ ಹೊರಗೆ ನಿಲ್ಲುವ ಕಷ್ಟ

ಹಾಗಾದರೆ ತರಬೇತುದಾರನಿಗೆ, ಹೆತ್ತವರಿಗೆ ತಮ್ಮದೇ ಆಸೆ, ತಮ್ಮದೇ ನೋವು ಇರಲೇಬಾರದೇ? ಇದ್ದೇ ಇರುತ್ತದೆ. ರಾಹುಲ್ ದ್ರಾವಿಡ್‌ರನ್ನೇ ನೋಡಿ. ಬೆಂಗಳೂರಿನ ಸಂತ ಜೋಸೆಫರ ಶಾಲೆಯ ಹುಡುಗ, ದೇಶದ ನಾಯಕರಾದರು. 2007ರ ವಿಶ್ವಕಪ್‌ಗೆ ವೆಸ್ಟ್ ಇಂಡೀಸ್‌ಗೆ ಹೋದ ಅವರ ತಂಡ ಮೊದಲ ಸುತ್ತಿನಲ್ಲಿಯೇ ಹೊರಬಿತ್ತು. ಆ ಗಾಯ ಸಣ್ಣದಾಗಿರಲಿಕ್ಕಿಲ್ಲ. ನಿವೃತ್ತಿಯ ನಂತರ ಅವರು ಹತ್ತೊಂಬತ್ತು ವರ್ಷದೊಳಗಿನ ಹುಡುಗರಿಗೆ ಕಲಿಸಲು ನಿಂತರು.

2015ರ ಡಿಸೆಂಬರಿನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಅವರು ಹುಡುಗರ ವಯಸ್ಸನ್ನು ಸುಳ್ಳಾಗಿ ತಗ್ಗಿಸಿ ಕಿರಿಯರ ತಂಡದಲ್ಲಿ ಆಡಿಸುವ ಪಿಡುಗಿನ ಬಗ್ಗೆ ಕಟುವಾಗಿ ಮಾತನಾಡಿದರು. ಯೋಚಿಸಿ ನೋಡಿ: ಜನನ ಪ್ರಮಾಣಪತ್ರ ತಿದ್ದುವುದು ಮಗುವಿನ ಬುದ್ಧಿಯಲ್ಲ, ದೊಡ್ಡವರ ಬುದ್ಧಿ. ಮಗುವಿಗೆ ಬ್ಯಾಟು ಹಿಡಿಯಲು ಕಲಿಸುವ ಮೊದಲೇ ಸುಳ್ಳು ಹೇಳಲು ಕಲಿಸಿದಂತೆ ಆಯಿತು. ನಿಜವಾದ ವಯಸ್ಸಿನ ಇನ್ನೊಬ್ಬ ಹುಡುಗನ ಜಾಗವನ್ನು ಕಸಿದಂತೆಯೂ ಆಯಿತು. ಕನಸು ನಮ್ಮದಾಗಿ, ಹೆಗಲು ಮಗುವಿನದಾದಾಗ ಇಂಥ ಕೆಲಸಕ್ಕೂ ಕೈ ನಡುಗುವುದಿಲ್ಲ.

2018ರಲ್ಲಿ ಆ ಹುಡುಗರ ತಂಡ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿಯು ದ್ರಾವಿಡ್‌ರಿಗೆ 50 ಲಕ್ಷ, ಅವರ ಜೊತೆ ದುಡಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಈ ಭೇದ ಸರಿಯಲ್ಲ ಎಂದು ಅವರು ತಕರಾರು ಎತ್ತಿದರು. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷ ಎಂದಾಯಿತು. ತನ್ನ ಪಾಲು ಅರ್ಧವಾದುದಕ್ಕೆ ಸಮಾಧಾನಪಟ್ಟುಕೊಂಡವರು ಎಷ್ಟು ಜನ ಸಿಕ್ಕಾರು?

2024ರ ಜೂನ್ 29ರಂದು ಅದೇ ವೆಸ್ಟ್ ಇಂಡೀಸ್‌ನಲ್ಲಿ ಅವರ ತರಬೇತಿಯ ಭಾರತ ತಂಡ ಟಿ-20 ವಿಶ್ವಕಪ್ ಗೆದ್ದಿತು. ಆಟಗಾರರೇ ಅವರನ್ನು ಕರೆದು ಕಪ್ಪನ್ನು ಕೈಗಿತ್ತರು. ಸದಾ ಶಾಂತವಾಗಿರುವ ಆ ಮನುಷ್ಯ ಅದನ್ನು ಹಿಡಿದು ಕೂಗಿದ್ದನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಹದಿನೇಳು ವರ್ಷಗಳ ನೋವು ಮಾಯವಾಗಿರಲಿಲ್ಲ ಎನ್ನುವುದಕ್ಕೆ ಆ ಕೂಗೇ ಸಾಕ್ಷಿ ಎಂದು ನನಗೆ ಅನಿಸುತ್ತದೆ. ಆದರೆ ಆ ನೋವಿನ ಬಡ್ಡಿಯನ್ನು ಅವರು ಹುಡುಗರಿಂದ ವಸೂಲಿ ಮಾಡಲಿಲ್ಲ. ಕಪ್ಪನ್ನು ಅವರು ಕೇಳಿ ಪಡೆದದ್ದಲ್ಲ, ಆಟಗಾರರೇ ಪ್ರೀತಿಯಿಂದ ಕೊಟ್ಟದ್ದು. ಮಕ್ಕಳಿಂದ ಹೆತ್ತವರಿಗೆ ಸಂತೋಷ ಬರಬೇಕಾದ ದಾರಿಯೂ ಇದೇ.

ಇನ್ನು ಬಂಟ್ವಾಳದ ಕಡೆಯವರಿಗೆ ಕಬಡ್ಡಿಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಹೊನಲು ಬೆಳಕಿನ ಪಂದ್ಯಾಟವೆಂದರೆ ಊರಿಗೆ ಊರೇ ನಿದ್ದೆಗೆಟ್ಟು ಕುಳಿತುಕೊಳ್ಳುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ಈ ಮಣ್ಣಿನ ಆಟಕ್ಕೂ ಹಣ ಬಂತು. ಕರ್ನಾಟಕದ ಬಿ.ಸಿ. ರಮೇಶ್ ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದವರು, ಆಮೇಲೆ ತರಬೇತುದಾರರಾದರು. 2019ರ ಫೈನಲ್‌ಗೆ ಅವರ ಬಂಗಾಳ ತಂಡದ ನಾಯಕ, ಅತಿ ದೊಡ್ಡ ರೈಡರ್ ಮಣಿಂದರ್ ಸಿಂಗ್ ಗಾಯದಿಂದ ಇಳಿಯಲಿಲ್ಲ. ಆದರೂ ಡೆಲ್ಲಿಯನ್ನು 39-34ರಿಂದ ಸೋಲಿಸಿದರು. ಕಾರ್ಕಳ ಕಡೆಯ ಸುಕೇಶ್ ಹೆಗ್ಡೆಯೂ ಆ ತಂಡದಲ್ಲಿದ್ದರು. ಒಬ್ಬನ ಮೇಲೆಯೇ ಎಲ್ಲ ಭಾರ ಹಾಕಿದ್ದರೆ ಆ ದಿನ ಏನಾಗುತ್ತಿತ್ತು? ಮೂವರು ಮಕ್ಕಳಲ್ಲಿ ಒಬ್ಬನ ಮೇಲೆ ಮಾತ್ರ ಇಡೀ ಮನೆಯ ಆಸೆಯನ್ನು ಹೊರಿಸಿ ಉಳಿದವರನ್ನು ಮರೆಯುವ ಹೆತ್ತವರು ಇದನ್ನು ಗಮನಿಸಬೇಕು.

ಪದಕ ಬಾರದವರು

ಗೆದ್ದವರ ಕಥೆಯನ್ನೇ ಹೇಳಿದೆ ಎಂದು ನೀವು ದೂರಬಹುದು. ನಿಜ. ಕಾಲೇಜಿನಲ್ಲಿ ಮಿಂಚಿದ ನೂರು ಮಂದಿಯಲ್ಲಿ ವೃತ್ತಿಪರರಾಗುವವರು ಬೆರಳೆಣಿಕೆಯಷ್ಟು. ಉಳಿದವರು? ಮೊಣಕಾಲು ಪೆಟ್ಟಾಗಿ ಊರಿಗೆ ಮರಳಿದವರು, ಬ್ಯಾಂಕಿನಲ್ಲೋ ಗಲ್ಫಿನಲ್ಲೋ ಕೆಲಸ ಹಿಡಿದವರು, ತೋಟ ನೋಡಿಕೊಂಡವರು. ಕೆಲವರು ನಮ್ಮ ಶಾಲೆಗಳ ಪಿ.ಟಿ. ಮಾಸ್ಟರರೂ ಟೀಚರರೂ ಆದರು. ಮಳೆಗಾಲದ ವಲಯಮಟ್ಟದ ಪಂದ್ಯಾಟಕ್ಕೆ ಮಕ್ಕಳನ್ನು ಜೀಪಿನಲ್ಲಿ ತುಂಬಿಸಿಕೊಂಡು ಹೋಗಿ, ಗಂಟಲು ಹರಿಯುವಂತೆ ಕೂಗಿ, ಸಂಜೆ ಒಬ್ಬೊಬ್ಬರನ್ನೂ ಮನೆಯ ದಾರಿಗೆ ಬಿಟ್ಟು ಬರುವವರು ಇವರೇ. ಅವರನ್ನು ಸೋತವರೆಂದು ಕರೆಯುವುದು ಯಾವ ನ್ಯಾಯ? ತಾನು ಕಲಿತದ್ದನ್ನು ಒಂದು ಮಗುವಿನ ಕೈಕಾಲಿಗೆ ದಾಟಿಸಿದವನ ಆಟ ಮುಗಿದಿಲ್ಲ. ತಾನು ಏರಲಾಗದ ಎತ್ತರಕ್ಕೆ ಶಿಷ್ಯ ಏರಿದಾಗ ಹೊಟ್ಟೆಕಿಚ್ಚು ಪಡದೆ ಕೆಳಗೆ ನಿಂತು ಚಪ್ಪಾಳೆ ತಟ್ಟುವವನು ನನ್ನ ಲೆಕ್ಕದಲ್ಲಿ ದೊಡ್ಡ ಆಟಗಾರ.

ಆದ್ದರಿಂದ ಮಗುವನ್ನು ಕ್ರೀಡೆಗೆ ಕಳುಹಿಸಬೇಡಿ ಎಂದು ನಾನು ಹೇಳುವುದಿಲ್ಲ. ಕಳುಹಿಸಲೇಬೇಕು ಎಂದೂ ಹೇಳುವುದಿಲ್ಲ. ಸೀಟಿನ ಅರ್ಜಿ ತುಂಬುವ ಮೊದಲು ನಿಮ್ಮನ್ನು ನೀವೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಮಗು ನಾಳೆ ಬೇಡ ಎಂದರೆ ನನಗೆ ಬೇಸರವಾದೀತೋ, ಕೋಪ ಬಂದೀತೋ? ಬೇಸರ ಸಹಜ, ಕೋಪ ಬರುವುದಾದರೆ ಆ ಕನಸು ಬಹುಶಃ ನಿಮ್ಮದು.

ಮಗು ಸೋತು ಮನೆಗೆ ಬಂದ ರಾತ್ರಿ ನನ್ನ ಮುಖದಲ್ಲಿ ಅದು ಏನನ್ನು ಕಾಣುತ್ತದೆ?

ಗೆಲ್ಲಲು ಸುಳ್ಳು ಹೇಳಬೇಕಾಗಿ ಬಂದರೆ ಹೇಳು ಎನ್ನುತ್ತೇನೋ, ಬಿಟ್ಟು ಬಾ ಎನ್ನುತ್ತೇನೋ?

ಕೊನೆಯದಾಗಿ, ಆಟ ನಿಂತುಹೋದ ಮೇಲೂ ಈ ಮಗುವನ್ನು ಇಷ್ಟೇ ಹೆಮ್ಮೆಯಿಂದ ನಾಲ್ಕು ಜನರಿಗೆ ಪರಿಚಯಿಸಬಲ್ಲೆನೋ?

ಇವಕ್ಕೆ ಉತ್ತರವನ್ನು ಯಾರಿಗೂ ಬರೆದು ಕಳುಹಿಸಬೇಕಾಗಿಲ್ಲ. ಆದರೆ ಇವತ್ತು ರಾತ್ರಿ ಊಟದ ಹೊತ್ತಿಗೆ ಟಿ.ವಿ. ಆರಿಸಿ, ಚಿಕ್ಕಪ್ಪನ ಲೆಕ್ಕಾಚಾರವನ್ನು ಸ್ವಲ್ಪ ನಿಲ್ಲಿಸಿ, ಮೂಲೆಯಲ್ಲಿ ಕುಳಿತವನನ್ನು ಕೇಳಿ: "ಮಗಾ, ನಿನಗೇನು ಬೇಕು?" ತಟ್ಟನೆ ಉತ್ತರ ಬಾರದಿದ್ದರೆ ಒತ್ತಾಯಿಸಬೇಡಿ. ನಾಳೆ ಹೇಳಲಿ, ನಾಡಿದ್ದು ಹೇಳಲಿ. ಅರ್ಜಿಗೆ ಕೊನೆಯ ದಿನಾಂಕ ಇರಬಹುದು, ಮಗುವಿನ ಮಾತು ಕೇಳುವುದಕ್ಕೆ ಇಲ್ಲ.